ಗೌರಿಯ ಕೆನ್ನೆಯ ಬೊಟ್ಟು

ಗೌರಿ ಬಿದ್ದು ಇಪ್ಪತ್ತಮೂರು ದಿನವಾಗಿತ್ತು. ಆ ಇಪ್ಪತ್ತಮೂರು ದಿನದಲ್ಲಿ ಹನುಮಂತರಾಜು ಒಂದೇ ಒಂದು ಸುಳ್ಳು ಹೇಳಿರಲಿಲ್ಲ. ಹೇಳಲೇಬೇಕಾಗಿದ್ದ ಒಂದು ನಿಜವನ್ನೂ ಹೇಳಿರಲಿಲ್ಲ. ತಟ್ಟೆ ಮುಂದೆ ಕೂತರೆ ಅನ್ನ ಇಳಿಯುತ್ತಿರಲಿಲ್ಲ. ‘ಏನಾಗೈತೆ ನಿಮ್ಗೆ?’ ಎಂದು ಹೆಂಡತಿ ಕೇಳಿದರೆ ‘ಗ್ಯಾಸು’ ಅನ್ನುತ್ತಿದ್ದ. ಸರಿ, ಅದೊಂದು ಸುಳ್ಳು ಅಂತಲೇ ಇಟ್ಟುಕೊಳ್ಳಿ.

ಗೌರಿ ಎಂದರೆ ವಿಮಾನದ ಹೆಸರು. ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ರಸ್ತೆಯಲ್ಲಿ ಹೆಬ್ಬೂರು ದಾಟಿ ಒಳಕ್ಕೆ ತಿರುಗಿದರೆ ಪ್ರಭುದೇವ ಎಂಬಾತ ನಡೆಸುವ ಹಾರಾಟದ ಶಾಲೆ. ಒಂದು ಡಾಂಬರು ರನ್‌ವೇ, ಒಂದು ತಗಡಿನ ಶೆಡ್ಡು, ನಾಲ್ಕು ಸೀಟಿನ ಎರಡು ಪುಟ್ಟ ವಿಮಾನ, ಇಷ್ಟೇ ಅದರ ಸಂಸಾರ. ವಿಮಾನಗಳ ಮೈಮೇಲೆ ಬರೆದ ಇಂಗ್ಲಿಷ್ ಅಕ್ಷರ ಯಾವುದಾದರೂ ಇರಲಿ, ಕಾವಲಿನ ಮುದುಕ ಚಿಕ್ಕಬೋರಯ್ಯ ಒಂದಕ್ಕೆ ಗಂಗೆ, ಇನ್ನೊಂದಕ್ಕೆ ಗೌರಿ ಎಂದು ಹಸುಗಳಿಗೆ ಇಟ್ಟ ಹಾಗೆ ಹೆಸರಿಟ್ಟಿದ್ದ. ಪೈಲಟ್‌ಗಳ ಬಾಯಲ್ಲೂ ಅದೇ ನಿಂತಿತ್ತು.

ಹನುಮಂತರಾಜು ಗುಬ್ಬಿಯವನು. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ವೈರು, ಮೀಟರು ಅಂತ ಕೈಸವೆಸಿ, ಆಮೇಲೆ ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ಸ್ವಲ್ಪ ಕಾಲ ಒದ್ದಾಡಿ ಇಲ್ಲಿಗೆ ಬಂದಿದ್ದ. ಈಗ ಈ ಶಾಲೆಯ ಎಲೆಕ್ಟ್ರಾನಿಕ್ಸ್ ಪೂರ್ತಿ ಅವನ ಕೈಯಲ್ಲಿತ್ತು. ಕಳೆದ ಶ್ರಾವಣದಲ್ಲಿ ಎರಡೂ ವಿಮಾನಗಳ ಹಳೆಯ ಮುಳ್ಳಿನ ಮೀಟರುಗಳನ್ನು ಕಿತ್ತು, ಹೊಸ ಗಾಜಿನ ಸ್ಕ್ರೀನುಗಳನ್ನು ಕೂರಿಸಿದ್ದ. ಅಬ್ಬಾ, ಅವನ ಜಂಬ ಅವತ್ತು ನೋಡಬೇಕಿತ್ತು! ಮೊಮ್ಮಗುವನ್ನು ತೋರಿಸುವವನ ಹಾಗೆ ಒಬ್ಬೊಬ್ಬರನ್ನೇ ಕರೆದು ಕೂರಿಸಿ ತೋರಿಸಿದ. ಗುಬ್ಬಿ ಕೆರೆ, ಕುಣಿಗಲ್ ಕೆರೆ, ರೈಲ್ವೆ ಹಳಿ, ಶಿವಗಂಗೆ ಬೆಟ್ಟ, ಎಲ್ಲವೂ ನಕ್ಷೆಯಲ್ಲಿ ಇದ್ದ ಹಾಗೇ. ಗುಡ್ಡ ಹತ್ತಿರ ಬಂದರೆ ಕೆಂಪಗಾಗುತ್ತದೆ. ದಾರಿ ತಪ್ಪಿದರೆ ಹತ್ತಿರದ ರನ್‌ವೇ ಯಾವುದೆಂದು ಗೀಟೆಳೆದು ತೋರಿಸುತ್ತದೆ. ವೇಗ ತೀರಾ ಬಿದ್ದರೆ, ಪೈಲಟ್ ಮೈಮರೆತಿದ್ದರೂ, ತಾನೇ ವಿಮಾನದ ಮೂಗನ್ನು ಕೆಳಕ್ಕೆ ಒತ್ತಿ ವೇಗ ತಂದುಕೊಳ್ಳುತ್ತದೆ.

‘ಮಂಜಿನಲ್ಲಿ ಕಣ್ಣು ಸುಳ್ಳು ಹೇಳ್ತದೆ ಕಣ್ರಪ್ಪಾ,’ ಎಂದು ಹುಡುಗ ಹುಡುಗಿಯರಿಗೆ ಪಾಠ ಬೇರೆ ಮಾಡಿದ್ದ. ‘ಇದು ಹೇಳಲ್ಲ. ಇದನ್ನ ನಂಬಿ.’

ಆದರೆ ಸ್ಕ್ರೀನಿಗೆ ಎತ್ತರವನ್ನೂ ವೇಗವನ್ನೂ ಹೇಳುವವರು ಯಾರು? ವಿಮಾನದ ಎಡಗೆನ್ನೆಯ ಮೇಲೆ ಒಂದು ಸ್ಟೀಲ್ ಪ್ಲೇಟಿರುತ್ತದೆ, ಅಂಗಿ ಗುಂಡಿಗಿಂತ ಸ್ವಲ್ಪ ದೊಡ್ಡದು. ನಡುವೆ ಸಣ್ಣ ತೂತು. ಹೊರಗಿನ ಗಾಳಿಯ ಒತ್ತಡ ಆ ತೂತಿನಿಂದ ಒಳಕ್ಕೆ ಹೋಗಬೇಕು, ಅದನ್ನು ಅಳೆದು ಸ್ಕ್ರೀನು ಲೆಕ್ಕ ಹಾಕಬೇಕು. ತೂತು ಮುಚ್ಚಿತೋ, ಅಷ್ಟು ದೊಡ್ಡ ಸ್ಕ್ರೀನು ಕುರುಡು. ಕುರುಡಾದರೂ ಸುಮ್ಮನಿರುವುದಿಲ್ಲ, ಖಡಾಖಂಡಿತವಾಗಿ ತಪ್ಪು ಹೇಳುತ್ತದೆ. ಅದಕ್ಕೇ ಹಾರುವ ಮುಂಚೆ ಪೈಲಟ್ ವಿಮಾನದ ಸುತ್ತ ಒಂದು ಸುತ್ತು ಬಂದು, ಆ ತೂತು ಚೊಕ್ಕಟವಾಗಿದೆ ಎಂದು ನೋಡಿ ಟಿಕ್ ಹಾಕಬೇಕು.

ಆಯುಧಪೂಜೆ ಬಂತು. ನಮ್ಮ ಕಡೆ ಆಯುಧಪೂಜೆ ಅಂದರೆ ಗೊತ್ತಲ್ಲ, ಸ್ಪ್ಯಾನರಿನಿಂದ ಹಿಡಿದು ಬಸ್ಸಿನವರೆಗೆ ತೊಳೆಯದೆ, ವಿಭೂತಿ ಬಳಿಯದೆ, ಕುಂಕುಮ ಇಡದೆ ಬಿಡುವುದಿಲ್ಲ. ಗಂಗೆ ಗೌರಿಯರಿಗೂ ಸ್ನಾನವಾಯಿತು, ಸೇವಂತಿಗೆ ಹಾರ ಬಿತ್ತು, ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಬೂದುಗುಂಬಳಕಾಯಿ. ಬೊಟ್ಟು ಇಡುವ ಕೆಲಸ ಚಿಕ್ಕಬೋರಯ್ಯನದು. ಗಂಧದಲ್ಲಿ ಕುಂಕುಮ ಕಲಸಿಕೊಂಡು ರೆಕ್ಕೆಗೆ, ಬಾಗಿಲಿಗೆ, ಮೂಗಿಗೆ ಇಡುತ್ತಾ ಬಂದ. ಗೌರಿಯ ಕೆನ್ನೆಯ ಮೇಲೆ ಹೊಳೆಯುವ ಆ ದುಂಡನೆಯ ಪ್ಲೇಟು ಬೊಟ್ಟಿಡಲಿಕ್ಕೆಂದೇ ಮಾಡಿಸಿದ ಹಾಗೆ ಕಂಡಿತು ಪಾಪ ಮುದುಕನಿಗೆ. ಹೆಬ್ಬೆರಳಲ್ಲಿ ಒತ್ತಿಯೇ ಇಟ್ಟ. ಅವನನ್ನು ಬಯ್ಯುವುದಕ್ಕಾಗುತ್ತದೆಯೇ? ಅದೇನೆಂದು ಯಾರೂ ಅವನಿಗೆ ಹೇಳಿರಲಿಲ್ಲ.

ಎರಡು ದಿನ ಹಬ್ಬದ ರಜೆ. ಮೂರನೆಯ ದಿನ ಬೆಳಗ್ಗೆ ಏಳೂವರೆಗೆ ಉಝ್ಮಾ ಬಂದಳು.

ಉಝ್ಮಾ ಶಿರಾ ಗೇಟಿನ ಏಜಾಜ್ ಅಹಮದನ ಒಬ್ಬಳೇ ಮಗಳು, ಇಪ್ಪತ್ತು ವರ್ಷ. ಏಜಾಜನದು ಸ್ಪ್ಯಾನರು, ಡ್ರಿಲ್ ಬಿಟ್ಟು, ನಟ್ಟು ಬೋಲ್ಟಿನ ಅಂಗಡಿ. ಹನುಮಂತರಾಜು ವಾಯುಪಡೆ ಬಿಟ್ಟು ಬಂದಾಗಿನಿಂದ ಅಲ್ಲಿನ ಗಿರಾಕಿ, ಗಿರಾಕಿಗಿಂತ ಹೆಚ್ಚಾಗಿ ಸ್ನೇಹಿತ. ಮಗಳು ವಿಮಾನ ಕಲಿಯುತ್ತೇನೆ ಎಂದು ಹಟ ಹಿಡಿದಾಗ ಏಜಾಜ್ ಹೆದರಿದ್ದ. ‘ಕಳಿಸಿ ಭಾಯ್, ನಾನಿದೀನಲ್ಲ’ ಎಂದವನು ಹನುಮಂತರಾಜುವೇ. ಆ ಮಾತು ಈಗ ಅವನಿಗೆ ನೆನಪಾದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಅವತ್ತು ಅವಳು ಒಬ್ಬಳೇ ಹೋಗಬೇಕಾದ ಮೊದಲ ದೂರದ ಹಾರಾಟ. ಗುಬ್ಬಿ ಕೆರೆ ಮುಟ್ಟಿ, ಕುಣಿಗಲ್ ಕೆರೆ ಮುಟ್ಟಿ, ವಾಪಸ್ಸು. ಹನುಮಂತರಾಜು ಗೌರಿಯೊಳಗೆ ಬಲಗಡೆಯ ಸೀಟಿನಲ್ಲಿ ಕೂತು ಹೊಸ ನಕ್ಷೆಯನ್ನು ಸ್ಕ್ರೀನಿಗೆ ತುಂಬಿಸುತ್ತಿದ್ದ. ನಡುವೆ ನಿಂತುಹೋದರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಅವಳು ಕೈಯಲ್ಲಿ ಪಟ್ಟಿ ಹಿಡಿದು ಹೊರಗೆ ಸುತ್ತು ಬರುತ್ತಿದ್ದಳು. ಎಡಗಡೆ ಬಂದು ನಿಂತಳು.

‘ಅಂಕಲ್, ಇಲ್ಲಿ ಪ್ಲೇಟ್ ಮೇಲೂ ಕುಂಕುಮ ಇದೆ. ಒರೆಸ್ಬೋದಾ?’

ಕುಂಕುಮ ಅನ್ನುವುದು ಕಿವಿಗೆ ಬಿತ್ತು, ಪ್ಲೇಟು ಅನ್ನುವುದು ತಲೆಗೆ ಹೋಗಲಿಲ್ಲ.

‘ಪೂಜೇದು ಕಣಮ್ಮ, ಒರೆಸ್ಬಾರ್ದು. ತಾನೇ ಉದುರ್ತದೆ ಬುಡು.’

‘ಸರಿ ಅಂಕಲ್,’ ಎಂದಳು. ತನ್ನ ದೇವರದಲ್ಲದ ಪೂಜೆಯ ವಿಷಯ, ಹಿರಿಯರು ಬೇಡ ಎಂದರು. ಟಿಕ್ ಹಾಕಿಕೊಂಡಳು. ನಮ್ಮ ಹುಡುಗಿಯಾಗಿದ್ದರೆ ಕೇಳದೆ ದುಪಟ್ಟಾದ ತುದಿಯಲ್ಲಿ ಒರೆಸಿ ಬಿಸಾಕುತ್ತಿದ್ದಳೇನೋ. ಇವಳು ಮರ್ಯಾದೆಗೆ ಕೇಳಿದಳು, ಮರ್ಯಾದೆಗೇ ಬಿಟ್ಟಳು.

ಗೌರಿ ಏರಿದ ಐದು ನಿಮಿಷಕ್ಕೆ ರೇಡಿಯೋದಲ್ಲಿ ಅವಳ ದನಿ ಬಂತು. ಕಲಿಸುವ ಕ್ಯಾಪ್ಟನ್ ಭಾನುಪ್ರಕಾಶ್ ಮೈಕು ಹಿಡಿದಿದ್ದ, ಹನುಮಂತರಾಜು ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ.

‘ಸರ್, ಎತ್ತರ ಏರ್ತಾನೇ ಇಲ್ಲ ಅಂತ ತೋರಿಸ್ತಿದೆ. ಸ್ಪೀಡ್ ಬೀಳ್ತಿದೆ. ಮೂಗನ್ನ ತಾನೇ ಕೆಳಗೆ ಒತ್ತುತ್ತಿದೆ.’

‘ಸ್ಪೀಡ್ ಬಿದ್ರೆ ಒತ್ತುತ್ತೆ, ಒತ್ಲಿ ಬಿಡು. ಜೊತೇಲಿ ನೀನೂ ಮೂಗು ಇಳಿಸು,’ ಎಂದ ಭಾನುಪ್ರಕಾಶ್. ಸ್ಕ್ರೀನು ನಿಜ ಹೇಳುತ್ತಿದ್ದರೆ ಅದೇ ಸರಿಯಾದ ಮಾತು.

‘ಸರ್, ಮಂಜು. ಕೆಳಗೆ ಏನೂ ಕಾಣ್ತಿಲ್ಲ.’

ಎತ್ತರ ಏರುತ್ತಿಲ್ಲ ಅಂದಾಗಲೇ ಹನುಮಂತರಾಜುವಿಗೆ ಹೊಳೆಯಬೇಕಿತ್ತು. ಇಪ್ಪತ್ತು ವರ್ಷದ ಅನುಭವ, ಮಣ್ಣು ತಿಂತೇನೋ, ಹೊಳೆಯಲಿಲ್ಲ. ಮೂರ್ನಾಲ್ಕು ನಿಮಿಷ ಬಿಟ್ಟು ಹೊಳೆಯಿತು. ಕಾಫಿ ಲೋಟ ಕೆಳಕ್ಕೆ ಬಿತ್ತು. ಮೈಕು ಕಿತ್ತುಕೊಂಡು ‘ಸ್ಕ್ರೀನ್ ನೋಡಬೇಡಮ್ಮ, ಅದು ಸುಳ್ಳು, ನೋಡಬೇಡ’ ಎಂದು ಕಿರುಚಿದ. ಆ ಕಡೆಯಿಂದ ಬರೀ ಗೊರಗೊರ.

ಗುಬ್ಬಿಗೆ ಇನ್ನೂ ಮೂರು ಕಿಲೋಮೀಟರಿರುವಾಗ ಒಂದು ತೆಂಗಿನ ತೋಟದ ನೆತ್ತಿಗೆ ಬಡಿದು ಗೌರಿ ಬಿದ್ದಿತ್ತು. ಇವರು ಹೋಗುವಷ್ಟರಲ್ಲಿ ತೋಟದವರು ಹುಡುಗಿಯನ್ನು ಹೊರಗೆ ತೆಗೆದು ಚಾಪೆಯ ಮೇಲೆ ಮಲಗಿಸಿ, ಮೇಲೆ ಪಂಚೆ ಹೊದಿಸಿದ್ದರು. ವಿಮಾನದ ಎಡಗೆನ್ನೆ ಒಂದಿಷ್ಟೂ ಮುಕ್ಕಾಗಿರಲಿಲ್ಲ. ಪ್ಲೇಟಿನ ಮೇಲೆ ಕುಂಕುಮ ಒಣಗಿ ಹಕ್ಕಳೆ ಕಟ್ಟಿ ಕೂತಿತ್ತು.

ತನಿಖೆಗೆ ಬಂದ ಅಧಿಕಾರಿ ಅದನ್ನು ಮೊದಲ ದಿನವೇ ಕಂಡುಹಿಡಿದರು. ಯಾರು ಬೊಟ್ಟಿಟ್ಟರು ಅನ್ನುವುದು ಅವರಿಗೆ ದೊಡ್ಡ ವಿಷಯವಾಗಲಿಲ್ಲ. ಹಾರುವ ಮುಂಚಿನ ಕೊನೆಯ ನೋಟ ಪೈಲಟ್‌ನದು, ಪೈಲಟ್ ನೋಡದೆ ಟಿಕ್ ಹಾಕಿದ್ದಾಳೆ, ಇಷ್ಟು ಬರೆದುಕೊಂಡರು. ಹನುಮಂತರಾಜುವನ್ನೂ ಕೇಳಿದ್ದರು, ಆಕೆ ಸುತ್ತು ಬಂದದ್ದು ನೋಡಿದಿರಾ ಎಂದು. ‘ನಾನು ಒಳಗೆ ಕೆಲಸದಲ್ಲಿದ್ದೆ ಸಾರ್, ನೋಡಲಿಲ್ಲ,’ ಎಂದಿದ್ದ. ನಿಜವೇ ತಾನೆ, ನೋಡಿರಲಿಲ್ಲ. ಕೇಳಿಸಿಕೊಂಡಿದ್ದ.

‘ಈಗ ಬಾಯಿ ಬಿಟ್ರೆ ಲೈಸೆನ್ಸು, ಕೆಲ್ಸ, ಪೊಲೀಸು, ಶಾಲೆಗೆ ಬೀಗ,’ ಎಂದು ಪ್ರಭುದೇವ ಒಂದು ಸಲ ಅವನ ಮುಖ ನೋಡಿಯೇ ಹೇಳಿದ. ಏನು ಗೊತ್ತಿತ್ತೋ, ಏನು ಊಹೆಯೋ. ‘ಹೋದೋಳು ಹೋದ್ಲು. ತಪ್ಪು ಅವಳ್ ಮೇಲೆ ಹೋದ್ರೆ ಯಾರ್ಗೇನ್ ನಷ್ಟ ಹೇಳಿ?’

ನಷ್ಟ ಯಾರಿಗೆ ಎಂದು ಶಿರಾ ಗೇಟಿನಲ್ಲಿ ಅರ್ಧ ಗಂಟೆ ನಿಂತಿದ್ದರೆ ಗೊತ್ತಾಗುತ್ತಿತ್ತು. ಎಲುಬಿಲ್ಲದ ನಾಲಿಗೆಗಳು! ‘ಕುಂಕುಮ ಅಲ್ವಾ, ಮುಟ್ಟಕ್ಕೆ ಅಸಹ್ಯ ಪಟ್ಕೊಂಡಿರ್ತಾಳೆ, ಅದಕ್ಕೇ ಒರೆಸದೆ ಹೋಗವ್ಳೆ’ ಎಂದು ಟೀ ಅಂಗಡಿಯಲ್ಲಿ ಒಬ್ಬ. ‘ಹೆಣ್ಣುಮಗೂನ ಅಷ್ಟು ಮೇಲಕ್ಕೆ ಕಳಿಸಿದ್ದೇ ತಪ್ಪು’ ಎಂದು ಏಜಾಜನ ಸ್ವಂತ ಬಳಗದಲ್ಲೇ ಇನ್ನೊಬ್ಬ. ಶಾಲೆಯಲ್ಲಿ ಕಲಿಯುತ್ತಿದ್ದ ಇನ್ನಿಬ್ಬರು ಹುಡುಗಿಯರನ್ನು ಅವರವರ ಮನೆಯವರು ಬಿಡಿಸಿದರು. ಸತ್ತ ಹುಡುಗಿಯ ಹೆಸರನ್ನು ಊರು ಹೀಗೆ ಅಗಿಯುತ್ತಿದ್ದಾಗ, ಅದನ್ನು ನಿಲ್ಲಿಸಬಹುದಾದ ಮಾತು ಇದ್ದದ್ದು ಒಬ್ಬನ ಹತ್ತಿರ. ಅವನು ಕ್ಯಾತ್ಸಂದ್ರದ ತನ್ನ ಮನೆಯಿಂದ ಹೆಬ್ಬೂರಿಗೆ ಶಿರಾ ಗೇಟಿನ ಕಡೆ ತಲೆಹಾಕದೆ ಓಡಾಡುತ್ತಿದ್ದ.

ಇಪ್ಪತ್ತಮೂರನೆಯ ದಿನ ಮಧ್ಯಾಹ್ನ ಏಜಾಜನೇ ಬಂದ. ಅಧಿಕಾರಿ ಕೊನೆಯ ಸಹಿಗಳಿಗಾಗಿ ಆಫೀಸಿನಲ್ಲಿ ಕೂತಿದ್ದರು, ಮೂರು ಗಂಟೆಗೆ ಹೊರಡುವವರು. ಮಗಳ ಬ್ಯಾಗು, ವಾಚು ತೆಗೆದುಕೊಂಡು ಹೋಗಲು ಏಜಾಜನಿಗೆ ಹೇಳಿಕಳಿಸಿದ್ದರು. ಅವನು ಸಹಿ ಹಾಕಿ, ಬ್ಯಾಗನ್ನು ತೋಳಿಗೆ ನೇತುಹಾಕಿಕೊಂಡು, ನೇರ ಶೆಡ್ಡಿಗೆ ನಡೆದ. ಹನುಮಂತರಾಜುವಿಗೆ ಓಡಿಹೋಗಲು ಜಾಗವಿರಲಿಲ್ಲ.

‘ರಾಜಣ್ಣ,’ ಎಂದ ಏಜಾಜ್. ‘ಆ ತೂತು ಅಂತಾರಲ್ಲ, ಅದನ್ನ ತೋರಿಸ್ತೀರಾ?’

ಹನುಮಂತರಾಜು ಗಂಗೆಯ ಎಡಗಡೆಗೆ ಕರೆದುಕೊಂಡು ಹೋಗಿ ಬೆರಳಿಟ್ಟು ತೋರಿಸಿದ. ಏಜಾಜ್ ಕನ್ನಡಕ ಒರೆಸಿಕೊಂಡು ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

‘ಇಷ್ಟೇನಾ?’

‘ಇಷ್ಟೇ ಭಾಯ್.’

‘ಇದಾ ಅವ್ಳಿಗೆ ಕಾಣದೆ ಹೋಗಿದ್ದು? ಹತ್ತು ವರ್ಷದೋಳಿದ್ದಾಗಿಂದ ಅಂಗಡೀಲಿ ಡ್ರಿಲ್ ಬಿಟ್ ಎತ್ತಿಡೋಳು ರಾಜಣ್ಣ. ಇದು ಎರಡೂವರೆ ಎಂಎಂ, ಇದು ಮೂರು ಅಂತ ಬರೀ ಕಣ್ಣಲ್ಲೇ ಹೇಳೋಳು. ಗೇಜು ಹಾಕಿ ನೋಡಿದ್ರೂ ಅದೇ ಬರ್ತಿತ್ತು.’

ಹನುಮಂತರಾಜು ಪ್ಲೇಟಿನಿಂದ ಬೆರಳು ತೆಗೆದ.

‘ಒಳಗೆ ಕೂತ್ಕೋಬೋದಾ? ಅವ್ಳು ಕೂರ್ತಿದ್ದ ಕಡೆ.’

ಇಬ್ಬರೂ ಹತ್ತಿ ಕೂತರು. ಏಜಾಜ್ ಎಡಗಡೆ, ಮಗಳ ಜಾಗದಲ್ಲಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು. ಹನುಮಂತರಾಜು ಸ್ವಿಚ್ಚು ಹಾಕಿದ, ಸ್ಕ್ರೀನುಗಳು ಬೆಳಗಿದವು. ವೇಗ ಎಲ್ಲಿ, ಎತ್ತರ ಎಲ್ಲಿ, ಒಂದೊಂದನ್ನೇ ತೋರಿಸಿದ.

‘ಮೂಗನ್ನ ತಾನೇ ಒತ್ತುತ್ತೆ ಅಂತಾರಲ್ಲ, ಎಷ್ಟು ಜೋರಾಗಿ?’

ಎರಡು ಸೀಟಿನ ಮುಂದಿನ ಹಿಡಿಗಳೂ ಒಂದಕ್ಕೊಂದು ಜೋಡಿಸಿದಂಥವು. ಇತ್ತ ಒತ್ತಿದರೆ ಅತ್ತಲೂ ಹೋಗುತ್ತದೆ. ಹನುಮಂತರಾಜು ತನ್ನ ಕಡೆಯದನ್ನು ಮುಂದಕ್ಕೆ ಒತ್ತಿದ. ಏಜಾಜನ ಕೈಯಲ್ಲಿದ್ದ ಹಿಡಿ ಅವನಿಂದ ದೂರ ಸರಿಯಿತು.

‘ಇಷ್ಟಾ?’

‘ಇನ್ನೂ ಸ್ವಲ್ಪ ಜಾಸ್ತಿ.’

‘ಒತ್ತಿ.’

ಒತ್ತಿದ. ಏಜಾಜ್ ಎರಡೂ ಕೈಯಲ್ಲಿ ಹಿಂದಕ್ಕೆ ಜಗ್ಗಿದ. ಐವತ್ತೈದು ವರ್ಷದ ಇಬ್ಬರು ಗಂಡಸರು, ನೆಲದ ಮೇಲೆ ನಿಂತ ವಿಮಾನದಲ್ಲಿ, ಒಬ್ಬ ಒತ್ತುತ್ತಾ ಒಬ್ಬ ಎಳೆಯುತ್ತಾ ಕೂತಿದ್ದರು. ಏಜಾಜನ ಹಣೆ ಬೆವೆತಿತು.

‘ಬುಡಿಸ್ಕೊಳಕ್ಕೆ ಏನೂ ಇಲ್ವಾ?’

‘ಈ ಕೆಂಪು ಗುಂಡಿ ಒತ್ತಿ ಹಿಡಿದಿದ್ರೆ ಬಿಡುತ್ತೆ. ಬೆರಳು ತೆಗೆದ ತಕ್ಷಣ ಮತ್ತೆ ಒತ್ತುತ್ತೆ. ಮೆಮೊರಿ ಕಾರ್ಡಲ್ಲಿದೆ ಭಾಯ್, ಆರು ಸಲ ಒತ್ತವ್ಳೆ. ಒಂದು ಕೈಲಿ ಮೈಕು, ಒಂದು ಕೈಲಿ ಇದು. ಹೊರಗೆ ಮಂಜು. ಕ್ಯಾಪ್ಟನ್ ಬೇರೆ ಇಳಿಸು ಅಂದ್ರು, ಸ್ಕ್ರೀನೂ ಇಳಿಸು ಅಂತು. ಅವ್ಳು ನಂಬಿದ್ಲು.’

ಏಜಾಜ್ ಹಿಡಿಯಿಂದ ಕೈ ತೆಗೆದ. ಬ್ಯಾಗಿನ ಜಿಪ್ಪನ್ನು ಸುಮ್ಮನೆ ತೆಗೆದ, ಹಾಕಿದ.

‘ಹೋಗೋ ಜೀವ ಹೋಯ್ತು ರಾಜಣ್ಣ. ಅಲ್ಲಾಹ್ ಕೊಟ್ಟಿದ್ದ, ಕರ್ಕೊಂಡ. ನಂಗೆ ತಡ್ಕೊಳಕ್ಕೆ ಆಗದೇ ಇರೋದು ಇನ್ನೊಂದು. ನೋಡದೆ ಟಿಕ್ ಹಾಕಿದ್ಲು ಅಂತ ಬರ್ದವ್ರೆ. ಮುಟ್ಟಕ್ಕೆ ಅಸಹ್ಯ ಪಟ್ಲು ಅಂತ ಬಜಾರಲ್ಲಿ ಆಡ್ಕೊಂತಾರೆ. ನನ್ನ ಮಗಳು ಅಂಥೋಳಾ? ಅವ್ಳಮ್ಮ ಮೆಹತಾಬ್ ದಿನಾ ಇದೊಂದೇ ಕೇಳ್ತಾಳೆ, ಅವ್ಳು ನೋಡ್ಲೇ ಇಲ್ವಾ, ನಿಜವಾಗ್ಲೂ ನೋಡ್ಲೇ ಇಲ್ವಾ ಅಂತ. ನೀವು ಅಲ್ಲೇ ಇದ್ರಿ. ನಾನು ಏನ್ ಹೇಳ್ಲಿ ಅವ್ಳಿಗೆ?’

ಹನುಮಂತರಾಜುವಿಗೆ ಲೈಸೆನ್ಸು ನೆನಪಾಯಿತು, ಪ್ರಭುದೇವನ ಮುಖ ನೆನಪಾಯಿತು, ಪೊಲೀಸ್ ಜೀಪು ಬಾಗಿಲಿಗೆ ಬಂದರೆ ಕ್ಯಾತ್ಸಂದ್ರದ ಬೀದಿ ಏನಂದೀತು ಅನ್ನುವುದೂ ನೆನಪಾಯಿತು. ಆದರೂ ಮಾತು ಹೇಗೋ ನುಗ್ಗಿಕೊಂಡು ಬಂದೇಬಿಟ್ಟಿತು.

‘ನೋಡಿದ್ಲು ಭಾಯ್.’

‘ಏನು?’

‘ನೋಡಿದ್ಲು. ಪ್ಲೇಟ್ ಮೇಲೆ ಕುಂಕುಮ ಇದೆ, ಒರೆಸ್ಬೋದಾ ಅಂತ ನನ್ನ ಕೇಳಿದ್ಲು. ನಾನೇ ಬೇಡ ಅಂದೆ. ಪೂಜೇದು, ತಾನೇ ಉದುರುತ್ತೆ ಬುಡು ಅಂದೆ. ಸರಿ ಅಂಕಲ್ ಅಂದು ಹತ್ತಿದ್ಲು. ಅವಳ್ದು ಏನೂ ತಪ್ಪಿಲ್ಲ. ಒಂಚೂರೂ ಇಲ್ಲ.’

ಏಜಾಜ್ ಅವನನ್ನೇ ದುರುಗುಟ್ಟಿಕೊಂಡು ನೋಡಿದ. ಹೊಡೆಯುತ್ತಾನೆ ಎಂದುಕೊಂಡ ಹನುಮಂತರಾಜು. ಹೊಡೆದಿದ್ದರೆ ಒಳ್ಳೆಯದಿತ್ತು. ಏಜಾಜನ ಮುಖ ಅರಳಿತು. ಹೌದು ಸ್ವಾಮಿ, ಅರಳಿತು. ಕಣ್ಣಲ್ಲಿ ನೀರು ಸುರಿಯುತ್ತಿದೆ, ಬಾಯಿ ನಗುತ್ತಿದೆ. ಜೇಬಿನಿಂದ ಫೋನು ತೆಗೆದ, ಒಂದು ಸಲ ಬೀಳಿಸಿದ, ಎತ್ತಿಕೊಂಡು ಹೆಂಡತಿಗೆ ಹಚ್ಚಿದ. ಅವರ ಮನೆಮಾತು ಉರ್ದುವಾದರೂ ಇಷ್ಟು ವರ್ಷದ ಒಡನಾಟದಲ್ಲಿ ಹನುಮಂತರಾಜುವಿಗೆ ಒಂದು ಮಾತೂ ತಪ್ಪದೆ ತಿಳಿಯುತ್ತಿತ್ತು. ನೋಡಿದಳಂತೆ ಮೆಹತಾಬ್, ನಮ್ಮ ಹುಡುಗಿ ನೋಡಿದಳಂತೆ, ಕೇಳಿದಳಂತೆ, ಎಲ್ಲ ಸರಿಯಾಗಿಯೇ ಮಾಡಿದಳಂತೆ! ಅದನ್ನೇ ಮೂರು ಸಲ ಹೇಳಿದ. ಶಿರಾ ಗೇಟಿನವರೆಗೂ ಕೇಳಲಿ ಅನ್ನುವಷ್ಟು ಜೋರಾಗಿ ಹೇಳಿದ.

ಹನುಮಂತರಾಜುವಿಗೂ, ನಾಚಿಕೆಗೇಡು, ಒಂದು ಗಳಿಗೆ ಎದೆ ಹಗುರಾದ ಹಾಗಾಯಿತು.

ಆ ಕಡೆಯಿಂದ ಮೆಹತಾಬ್ ಏನೋ ಕೇಳಿದಳು. ಸಣ್ಣ ಪ್ರಶ್ನೆ. ಏಜಾಜನ ಮುಖದ ಮೇಲಿದ್ದ ನಗು ನಿಧಾನವಾಗಿ ಇಳಿದುಹೋಯಿತು. ಫೋನನ್ನು ಕಿವಿಯಿಂದ ತೆಗೆದು ಹನುಮಂತರಾಜುವಿನ ಕಡೆ ಚಾಚಿದ.

‘ಉಝ್ಮಾ ಕೇಳ್ದಾಗ ಅವ್ರು ತಲೆ ಎತ್ತಿ ನೋಡಿದ್ರಾ ಅಂತ ಕೇಳ್ತಿದಾಳೆ. ನೀವೇ ಹೇಳಿ.’

ಹನುಮಂತರಾಜು ಫೋನು ತೆಗೆದುಕೊಂಡ. ಆ ಕಡೆ ಕುಕ್ಕರಿನ ಸದ್ದು, ಬೀದಿಯ ಆಟೋ ಸದ್ದು, ಒಬ್ಬ ತಾಯಿ ಉಸಿರು ಹಿಡಿದು ಕಾಯುತ್ತಿರುವುದು, ಎಲ್ಲ ಕೇಳಿಸುತ್ತಿತ್ತು.

‘ಇಲ್ಲಮ್ಮ,’ ಎಂದ. ‘ತಲೆ ಎತ್ತಲಿಲ್ಲ.’

ಮೆಹತಾಬ್ ಬಯ್ಯಲಿಲ್ಲ, ಅಳಲಿಲ್ಲ, ಫೋನನ್ನೂ ಇಡಲಿಲ್ಲ. ಅವನೇ ಅದನ್ನು ಏಜಾಜನಿಗೆ ವಾಪಸ್ಸು ಕೊಡಬೇಕಾಯಿತು. ಏಜಾಜ್ ಮಗಳ ಬ್ಯಾಗನ್ನು ತೋಳಿಗೆ ಹಾಕಿಕೊಂಡು ಕೆಳಗಿಳಿದ, ಸುತ್ತಿ ಬಂದು ಬಲಗಡೆಯ ಬಾಗಿಲು ತೆರೆದು ಹಿಡಿದ.

‘ಇಳೀರಿ ಹನುಮಂತರಾಜು ಅವ್ರೇ,’ ಎಂದ. ಇಷ್ಟು ವರ್ಷದಲ್ಲಿ ಅವನು ಹಾಗೆ ಕರೆದದ್ದು ಅದೇ ಮೊದಲು. ‘ಆಫೀಸಲ್ಲಿ ಕೂತಿರೋರು ಮೂರಕ್ಕೆ ಹೊರಡ್ತಾರೆ. ನಂಗೆ ಹೇಳಿದ್ದನ್ನ ಅವ್ರಿಗೆ ಹೇಳಿ. ಮೆಹತಾ‌ಬ್‌ಗೆ ಹೇಳಿದ್ದನ್ನೂ ಹೇಳಿ.’

ಗಂಟೆ ಎರಡೂ ನಲವತ್ತಾಗಿತ್ತು. ಹನುಮಂತರಾಜು ಇಳಿದು ಆಫೀಸಿನ ಕಡೆ ನಡೆದ. ಏಜಾಜ್ ಎರಡು ಹೆಜ್ಜೆ ಹಿಂದೆ, ಅವನು ಒಳಗೆ ಹೋಗುವವರೆಗೂ ಬಂದ.